ವಿದೇಶದಲ್ಲಿ ಮೊಬೈಲ್ ಡೇಟಾ ನಿಂತರೆ: ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಯವರೆಗೂ ಮುಟ್ಟಬಾರದು

ದುಬೈಗೋ ಸಿಂಗಪುರಕ್ಕೋ ಹೋಗಿ ಇಳಿದವರು, ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೆ ಹೊರಟ ತಂದೆತಾಯಿಗಳು ನನಗೆ ಹೇಳುವ ದೂರು ಹೆಚ್ಚುಕಡಿಮೆ ಒಂದೇ: “ಪ್ಯಾಕ್ ಹಾಕಿಸಿದ್ದೇವೆ, ಸಿಗ್ನಲ್ ತುಂಬಾ ಇದೆ, ನೆಟ್ ಮಾತ್ರ ಬರುತ್ತಿಲ್ಲ.” ಅಷ್ಟರೊಳಗೆ ಏನೇನು ಮಾಡಿ ನೋಡಿದಿರಿ ಎಂದು ಕೇಳಿದರೆ ಉತ್ತರವೂ ಒಂದೇ ಆಗಿರುತ್ತದೆ. ಸಿಮ್ ತೆಗೆದು ಮತ್ತೆ ಹಾಕಿರುತ್ತಾರೆ, ಪಕ್ಕದವರು ಹೇಳಿದರೆಂದು ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿರುತ್ತಾರೆ, ಅದೂ ಫಲಿಸದಾಗ ಇ-ಸಿಮ್ (ಚಿಪ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಅಳಿಸಿ ಇನ್ನೊಮ್ಮೆ ಹಾಕಲು ಹೋಗಿರುತ್ತಾರೆ. ಹತ್ತು ನಿಮಿಷದಲ್ಲಿ ಮುಗಿಯಬೇಕಿದ್ದ ಕೆಲಸ, ಕ್ರಮ ತಪ್ಪಿದ್ದರಿಂದ, ಎರಡು ದಿನದ ಗೋಜಲಾಗಿರುತ್ತದೆ.

ನಾನೂ ಇದಕ್ಕೆ ಹೊರತಲ್ಲ. ಜ್ಯೂರಿಕ್ ವಿಮಾನ ನಿಲ್ದಾಣದ ಬೆಂಚೊಂದರಲ್ಲಿ ಕುಳಿತು ಮುಕ್ಕಾಲು ಗಂಟೆ ಫೋನಿನ ಒಂದೊಂದು ಸ್ವಿಚ್ಚನ್ನೂ ಒತ್ತಿದ ಮೇಲೆ ತಿಳಿದದ್ದೇನೆಂದರೆ, ಡೇಟಾ ರೋಮಿಂಗ್ (ಸಿಮ್‌ನ ಸ್ವಂತ ಕಂಪನಿಯದಲ್ಲದ ನೆಟ್‌ವರ್ಕಿನಲ್ಲಿ ಡೇಟಾ ಬಳಸುವ ಸೌಲಭ್ಯ) ಅನ್ನು ನಾನು ಮೊದಲನೆಯ ಸಿಮ್‌ಗೆ ಆನ್ ಮಾಡಿದ್ದೆ; ಪ್ಯಾಕ್ ಇದ್ದದ್ದು ಎರಡನೆಯದರಲ್ಲಿ. ಅಷ್ಟು ಹೊತ್ತಿಗೆ ರೀಸೆಟ್ ಮಾಡಿದ್ದರಿಂದ ನಿಲ್ದಾಣದ ವೈ-ಫೈ ಸಂಪರ್ಕವನ್ನೂ ಕಳೆದುಕೊಂಡಿದ್ದೆ. ಕೆಳಗಿನ ಕ್ರಮ ಆ ಬೆಂಚಿನಿಂದ ಹುಟ್ಟಿದ್ದು. ಹಂತ 1ರಲ್ಲಿ ನಿಮ್ಮ ತೊಂದರೆಗೆ ಹೇಳಿರುವ ಹಂತಗಳನ್ನು ಮೇಲಿನಿಂದ ಕೆಳಕ್ಕೆ, ಒಂದನ್ನೂ ಹಾರದೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುತ್ತಾ ಅನುಸರಿಸಬೇಕು. ಎರಡು ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಮತ್ತಷ್ಟು ಕೆಟ್ಟಿತು ಎಂಬುದು ತಿಳಿಯುವುದೇ ಇಲ್ಲ.

## ಹೊರಡುವ ಮುನ್ನ ಜೊತೆಗಿರಬೇಕಾದವು

ಸಿಮ್ ಟ್ರೇ ತೆಗೆಯುವ ಪಿನ್ನನ್ನು ಚೆಕ್-ಇನ್ ಸೂಟ್‌ಕೇಸಿನಲ್ಲಿ ಹಾಕಬೇಡಿ, ಕೈಚೀಲದಲ್ಲಿ ಇಟ್ಟುಕೊಳ್ಳಿ. ಪ್ಯಾಕಿನ ವಿವರಗಳಿರುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ: ಯಾವ ದೇಶಗಳಿಗೆ ಅನ್ವಯ, ಅಲ್ಲಿನ ಯಾವ ಕಂಪನಿಗಳ ಜೊತೆ ಒಪ್ಪಂದ, ಎಷ್ಟು ದಿನ, ಎಷ್ಟು ಜಿಬಿ, ಮಿತಿ ಮುಗಿದ ಮೇಲೆ ಡೇಟಾ ನಿಲ್ಲುತ್ತದೆಯೋ, ನಿಧಾನವಾಗುತ್ತದೆಯೋ ಅಥವಾ ಹಣ ಕಟ್ಟಾಗುತ್ತದೆಯೋ. ನಿಮ್ಮ ಕಂಪನಿಯ ರೋಮಿಂಗ್ ಸಹಾಯವಾಣಿಯ ಪೂರ್ಣ ಸಂಖ್ಯೆಯನ್ನು +91 ಸೇರಿಸಿ ಬರೆದಿಟ್ಟುಕೊಳ್ಳಿ. ಊರಿನಲ್ಲಿ ಒತ್ತುವ ಮೂರಂಕಿಯ ಸಂಖ್ಯೆಗಳು ಹೊರದೇಶದಲ್ಲಿ ಸಾಮಾನ್ಯವಾಗಿ ತಾಗುವುದಿಲ್ಲ.

ಇ-ಸಿಮ್ ಕೊಂಡಿದ್ದರೆ ಅದರ ಕ್ಯೂಆರ್ ಸಂಕೇತವನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಿ, ಇಲ್ಲವೇ ಜೊತೆಯವರ ಫೋನಿಗೆ ಕಳುಹಿಸಿಡಿ. ಸಂಕೇತ ನಿಮ್ಮ ಫೋನಿನ ಇಮೇಲಿನಲ್ಲೇ ಇದ್ದರೆ, ಅದೇ ಫೋನಿನ ಕ್ಯಾಮೆರಾದಿಂದ ಅದನ್ನು ಸ್ಕ್ಯಾನ್ ಮಾಡುವುದು ಹೇಗೆಂದು ಕೌಂಟರಿನ ಮುಂದೆ ನಿಂತು ಯೋಚಿಸಬೇಕಾಗುತ್ತದೆ.

ಇನ್ನೊಂದು ವಿಷಯ ಮನೆಯಲ್ಲೇ ಪರೀಕ್ಷಿಸುವಂಥದ್ದು. ಮಗ ಅಥವಾ ಮಗಳು ಹೊರದೇಶದಿಂದ ತಂದುಕೊಟ್ಟ ಫೋನು ಅಲ್ಲಿನ ಒಂದೇ ಕಂಪನಿಯ ಸಿಮ್‌ಗೆ ಬೀಗ ಹಾಕಿದ್ದಿರಬಹುದು. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂದು ಹೋಗಿ ಕ್ಯಾರಿಯರ್ ಲಾಕ್ ಎಂಬ ಸಾಲನ್ನು ನೋಡಿ; ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ನಿಶ್ಚಿಂತೆ. ಆಂಡ್ರಾಯ್ಡ್ ಫೋನಿಗೆ ಮನೆಯವರ ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ಸುಲಭದ ಪರೀಕ್ಷೆ. ಬೀಗವಿರುವ ಫೋನಿಗೆ ಈ ಲೇಖನದ ಯಾವ ಹಂತವೂ ಉಪಯೋಗಕ್ಕೆ ಬರುವುದಿಲ್ಲ.

## ಹಂತ 1: ತೊಂದರೆ ಎಲ್ಲಿದೆ ಎಂದು ಮೊದಲು ಗುರುತಿಸಿ

ಏನನ್ನೂ ಬದಲಾಯಿಸುವ ಮೊದಲು ಫೋನಿನ ಮೇಲ್ತುದಿಯ ಪಟ್ಟಿಯನ್ನು ಒಂದು ನಿಮಿಷ ಗಮನಿಸಿ. ವೈ-ಫೈ ಆಫ್ ಮಾಡಿ ನೋಡಿ. ಲಾಗಿನ್ ಆಗದ ನಿಲ್ದಾಣದ ವೈ-ಫೈಗೆ ಅಂಟಿಕೊಂಡ ಫೋನು ಮೊಬೈಲ್ ಡೇಟಾವನ್ನು ಬಳಸದೆ ಸುಮ್ಮನಿರುವುದು ಅಪರೂಪವೇನಲ್ಲ.

‘ನೋ ಸರ್ವಿಸ್’, ‘ಎಸ್‌ಒಎಸ್’ ಅಥವಾ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದು ಕಂಡರೆ ಅಲ್ಲಿನ ನೆಟ್‌ವರ್ಕ್ ನಿಮ್ಮ ಸಿಮ್ ಅನ್ನು ಇನ್ನೂ ಒಳಗೆ ಬಿಟ್ಟಿಲ್ಲ ಎಂದರ್ಥ. ಆಗ ಎಪಿಎನ್ (ಹಂತ 6ರಲ್ಲಿ ವಿವರಿಸಿದೆ), ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಸರ್ವರಿನ ಮೂಲಕ ಕಳುಹಿಸುವ ಆ್ಯಪ್) ಮೊದಲಾದವನ್ನು ಕೆದಕುವುದು ವ್ಯರ್ಥ. ಹಂತ 2, 3 ಮತ್ತು 5 ನಿಮಗೆ ಸಂಬಂಧಿಸಿದವು.

ಸಿಗ್ನಲ್ ಗೆರೆಗಳು ಇದ್ದು, ಪಕ್ಕದಲ್ಲಿ 4ಜಿ, 5ಜಿ ಅಥವಾ ಎಲ್‌ಟಿಇ ಎಂಬ ಗುರುತು ಇಲ್ಲದಿದ್ದರೆ, ಸಿಮ್‌ಗೆ ಪ್ರವೇಶ ಸಿಕ್ಕಿದೆ, ಡೇಟಾದ ದಾರಿ ತೆರೆದಿಲ್ಲ. ಎಸ್‌ಎಂಎಸ್ ಬರುತ್ತಿರುತ್ತದೆ, ‘ವೆಲ್‌ಕಮ್’ ಎನ್ನುವ ಸಂದೇಶವೂ ಬಂದಿರುತ್ತದೆ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ನೀವು ಕಳುಹಿಸಿದ “ತಲುಪಿದೆವು” ಎಂಬ ಸಾಲಿನ ಬದಿಯಲ್ಲಿ ಒಂದು ಗೀಟೂ ಮೂಡದೆ ಪುಟ್ಟ ಗಡಿಯಾರದ ಗುರುತು ಹಾಗೇ ನಿಂತಿರುತ್ತದೆ. ಹೆಚ್ಚಿನವರ ತೊಂದರೆ ಇದೇ. ಇದಕ್ಕೆ ಹಂತ 3, 4, 5 ಮತ್ತು 6.

ಮೂರನೆಯದು, 4ಜಿ ಗುರುತು ಇದ್ದೂ ಪುಟ ತೆರೆಯದಿರುವುದು, ಅಥವಾ ಒಂದು ಆ್ಯಪ್ ನಡೆದು ಇನ್ನೊಂದು ನಡೆಯದಿರುವುದು. ಇದಕ್ಕೆ ಹಂತ 7. ಆಂಡ್ರಾಯ್ಡ್ ಫೋನಿನಲ್ಲಿ ಗೆರೆಗಳ ಬಳಿ ಇಂಗ್ಲಿಷಿನ ‘ಆರ್’ ಅಕ್ಷರ ಕಂಡರೆ ಗಾಬರಿ ಬೇಡ. ರೋಮಿಂಗ್‌ನಲ್ಲಿದ್ದೀರಿ ಎಂಬುದಷ್ಟೇ ಅದರ ಅರ್ಥ.

## ಹಂತ 2: ಏರೋಪ್ಲೇನ್ ಮೋಡ್, ಆಮೇಲೆ ಕಾಯುವುದು

ಏರೋಪ್ಲೇನ್ ಮೋಡ್ ಆನ್ ಮಾಡಿ, ಅರ್ಧ ನಿಮಿಷ ಬಿಟ್ಟು ಆಫ್ ಮಾಡಿ. ಸರಿಹೋಗದಿದ್ದರೆ ಫೋನನ್ನು ಪೂರ್ತಿ ಆಫ್ ಮಾಡಿ ಆನ್ ಮಾಡಿ. ಆಮೇಲೆ ಐದರಿಂದ ಹತ್ತು ನಿಮಿಷ ಅದನ್ನು ಮುಟ್ಟಬೇಡಿ. ವಿಮಾನ ಇಳಿದ ಕ್ಷಣದಲ್ಲಿ ನೂರಾರು ಫೋನುಗಳು ಒಟ್ಟಿಗೆ ನೋಂದಣಿಗೆ ಮುಗಿಬೀಳುತ್ತವೆ. ಅಲ್ಲಿನ ನೆಟ್‌ವರ್ಕ್ ನಿಮ್ಮ ಸಿಮ್ ಕುರಿತು ಭಾರತದಲ್ಲಿರುವ ನಿಮ್ಮ ಕಂಪನಿಯನ್ನು ಕೇಳಿ, ಅಲ್ಲಿಂದ ಒಪ್ಪಿಗೆ ಬಂದ ಮೇಲಷ್ಟೇ ಒಳಗೆ ಬಿಡುತ್ತದೆ. ಈ ಅವಧಿಯಲ್ಲಿ ಸಿಮ್ ಎಳೆದು ಹಾಕಿದರೆ ಇಡೀ ಪ್ರಕ್ರಿಯೆ ಮೊದಲಿನಿಂದ ಶುರುವಾಗುತ್ತದೆ.

ಫೋನ್ ಮತ್ತೆ ಆನ್ ಆದಾಗ ಸಿಮ್ ಪಿನ್ (ಸಿಮ್‌ಗೆ ಹಾಕಿದ ಗುಪ್ತಸಂಖ್ಯೆ) ಕೇಳಿದರೆ ಊಹಿಸಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಸಿಮ್‌ನ ಬೀಗ ತೆರೆಯುವ ಪಿಯುಕೆ ಸಂಖ್ಯೆ ಕೇಳುತ್ತದೆ, ಅದನ್ನು ಹತ್ತು ಸಲ ತಪ್ಪಿಸಿದರೆ ಆ ಸಿಮ್ ಶಾಶ್ವತವಾಗಿ ಸತ್ತಂತೆ. ಪರದೇಶದಲ್ಲಿ ಹೊಸ ಸಿಮ್ ಕೊಡುವ ನಿಮ್ಮ ಕಂಪನಿಯ ಅಂಗಡಿ ಇರುವುದಿಲ್ಲ.

## ಹಂತ 3: ಪ್ಯಾಕ್ ಕೊಂಡಿರುವುದು ಬೇರೆ, ಚಾಲ್ತಿಯಲ್ಲಿರುವುದು ಬೇರೆ

ನಿಲ್ದಾಣದ ವೈ-ಫೈಯಲ್ಲೋ ಜೊತೆಯವರ ಹಾಟ್‌ಸ್ಪಾಟ್‌ನಲ್ಲೋ ನಿಮ್ಮ ಕಂಪನಿಯ ಆ್ಯಪ್ ತೆರೆದು ನಾಲ್ಕು ಸಂಗತಿಗಳನ್ನು ನೋಡಿ.

ಮೊದಲನೆಯದು, ಅಂತರರಾಷ್ಟ್ರೀಯ ರೋಮಿಂಗ್ ಎಂಬ ಸೇವೆಯೇ ನಿಮ್ಮ ಸಂಖ್ಯೆಗೆ ಆನ್ ಆಗಿದೆಯೇ ಎಂಬುದು. ಪ್ಯಾಕಿಗೆ ಹಣ ಕಟ್ಟುವುದು ಮತ್ತು ರೋಮಿಂಗ್ ಸೇವೆಯನ್ನು ತೆರೆಯುವುದು ಬೇರೆ ಬೇರೆ ಗುಂಡಿಗಳಾಗಿರಬಹುದು. ಎರಡನೆಯದು, ಪ್ರೀಪೇಯ್ಡ್ ಆದರೆ ನಿಮ್ಮ ಎಂದಿನ ಊರಿನ ರೀಚಾರ್ಜ್ ಇನ್ನೂ ಚಾಲ್ತಿಯಲ್ಲಿದೆಯೇ ಎಂಬುದು. ಇಲ್ಲಿ ಎಡವುವವರು ಬಹಳ. ಪ್ರವಾಸದ ನಡುವೆ ಇಪ್ಪತ್ತೆಂಟು ದಿನದ ಮೂಲ ಪ್ಲಾನ್ ಮುಗಿದಿರುತ್ತದೆ; ರೋಮಿಂಗ್ ಪ್ಯಾಕಿನಲ್ಲಿ ದಿನಗಳು ಬಾಕಿ ಇದ್ದರೂ ಮರುದಿನ ಬೆಳಿಗ್ಗೆ ಎದ್ದರೆ ಫೋನು ಮೂಕವಾಗಿರುತ್ತದೆ. ಹೊರಡುವ ಮೊದಲೇ ಮರಳಿ ಬರುವ ದಿನಾಂಕವನ್ನು ದಾಟುವಷ್ಟು ಮೂಲ ರೀಚಾರ್ಜ್ ಮಾಡಿಸಿ.

ಮೂರನೆಯದು, ಪ್ಯಾಕಿನ ದೇಶಗಳ ಪಟ್ಟಿಯಲ್ಲಿ ನೀವು ನಿಂತಿರುವ ನೆಲ ಇದೆಯೇ ಎಂಬುದು. ಸ್ವಿಟ್ಜರ್ಲೆಂಡ್ ಯುರೋಪಿನಲ್ಲಿದ್ದರೂ ಯುರೋಪಿಯನ್ ಒಕ್ಕೂಟದಲ್ಲಿಲ್ಲ. ಹೀಗಾಗಿ ‘ಯುರೋಪ್’ ಎಂಬ ಹೆಸರಿನ ಕೆಲವು ಪ್ಯಾಕುಗಳಲ್ಲಿ ಅದು ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಹಾಂಗ್‌ಕಾಂಗ್ ಮತ್ತು ಮಕಾವ್ ಚೀನಾದೊಡನೆ ಸೇರಿಯೇ ಇರುತ್ತವೆ ಎಂದು ಭಾವಿಸಬೇಡಿ, ಅವು ಪಟ್ಟಿಯಲ್ಲಿ ಬೇರೆಯಾಗಿಯೇ ಬರುತ್ತವೆ. ದುಬೈ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವವರು ಅಮೆರಿಕದ ಪ್ಯಾಕನ್ನಷ್ಟೇ ಹಾಕಿಸಿರುತ್ತಾರೆ. ಆ ನಾಲ್ಕು ಗಂಟೆ ಡೇಟಾ ಬಾರದಿರುವುದು ತೊಂದರೆಯಲ್ಲ, ಹಾಗೇ ಇರಬೇಕಾದದ್ದು.

ನಾಲ್ಕನೆಯದು ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ. ನಿಮ್ಮ ಖಾತೆಗೆ ಒಂದು ಕ್ರೆಡಿಟ್ ಮಿತಿ ಇರುತ್ತದೆ. ಬಿಲ್ ಆ ಮಿತಿಯ ಹತ್ತಿರ ಬಂದರೆ ಕಂಪನಿ ಡೇಟಾವನ್ನು ತಡೆಯುತ್ತದೆ, ಫೋನಿನಲ್ಲಿ ಅದಕ್ಕೆ ಯಾವ ಸುಳಿವೂ ಕಾಣುವುದಿಲ್ಲ. ಆ್ಯಪ್‌ನಲ್ಲಿ ಬಾಕಿಯನ್ನು ಕಟ್ಟಿ ಫೋನ್ ಮತ್ತೆ ಆನ್ ಮಾಡಿ ನೋಡಿ.

## ಹಂತ 4: ಡೇಟಾ ರೋಮಿಂಗ್ ಸ್ವಿಚ್, ಅದೂ ಸರಿಯಾದ ಸಿಮ್‌ಗೆ

ಈ ಹಂತದಲ್ಲಿ ನಿಧಾನಿಸಿ. ನನಗೆ ಬಂದ ದೂರುಗಳಲ್ಲಿ ಅತಿ ಹೆಚ್ಚು ಪರಿಹಾರವಾಗಿರುವುದು ಇಲ್ಲಿಯೇ.

ಎರಡು ಸಿಮ್ ಇರುವ ಫೋನಿನಲ್ಲಿ ಮೂರು ಆಯ್ಕೆಗಳು ಒಂದಕ್ಕೊಂದು ಹೊಂದಿಕೊಂಡಿರಬೇಕು: ಮೊಬೈಲ್ ಡೇಟಾ ಆನ್ ಆಗಿರುವುದು, ಆ ಡೇಟಾಗೆ ಪ್ಯಾಕ್ ಇರುವ ಸಿಮ್ ಅನ್ನೇ ಆರಿಸಿರುವುದು, ಮತ್ತು ಅದೇ ಸಿಮ್‌ನ ಒಳಪುಟದಲ್ಲಿ ಡೇಟಾ ರೋಮಿಂಗ್ ಆನ್ ಆಗಿರುವುದು. ಐಫೋನಿನಲ್ಲಿ ಸೆಟ್ಟಿಂಗ್ಸ್‌ನಿಂದ ಮೊಬೈಲ್ ಸರ್ವಿಸ್‌ಗೆ ಹೋಗಿ, ಸಿಮ್‌ನ ಹೆಸರಿನ ಮೇಲೆ ಒತ್ತಿದರೆ ಡೇಟಾ ರೋಮಿಂಗ್ ಕಾಣುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಕನೆಕ್ಷನ್ಸ್, ಅದರೊಳಗೆ ಮೊಬೈಲ್ ನೆಟ್‌ವರ್ಕ್ಸ್. ಇತರ ಆಂಡ್ರಾಯ್ಡ್ ಫೋನುಗಳಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಸಿಮ್ಸ್, ಆಮೇಲೆ ಸಿಮ್‌ನ ಹೆಸರು. ದಾರಿ ಸಿಗದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ‘ರೋಮಿಂಗ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ.

ಸಿಮ್‌ಗಳ ಹೆಸರು ‘ಪ್ರೈಮರಿ’, ‘ಸೆಕೆಂಡರಿ’ ಎಂದೇ ಇದ್ದರೆ ಕಣ್ಣು ಮೋಸಹೋಗುತ್ತದೆ. ಹೊರಡುವ ಮೊದಲೇ ಅವುಗಳಿಗೆ ‘ಊರು’, ‘ಪ್ರವಾಸ’ ಎಂದು ಹೆಸರಿಟ್ಟುಬಿಡಿ.

ಪ್ರವಾಸದ ಇ-ಸಿಮ್ ಕೊಂಡವರು ಮಾಡುವ ತಪ್ಪು ಇದಕ್ಕೆ ವಿರುದ್ಧ ದಿಕ್ಕಿನದು. ರೋಮಿಂಗ್ ಎಂದರೆ ದುಬಾರಿ ಎಂಬ ಭಯದಿಂದ ಅವರು ಎರಡೂ ಸಿಮ್‌ಗಳಲ್ಲಿ ಅದನ್ನು ಆಫ್ ಮಾಡಿರುತ್ತಾರೆ. ಆದರೆ ಇಂಥ ಇ-ಸಿಮ್‌ಗಳಲ್ಲಿ ಬಹುಪಾಲು ಇನ್ನೊಂದು ದೇಶದ ಕಂಪನಿಗೆ ಸೇರಿದವು. ನೀವಿರುವ ದೇಶದಲ್ಲಿ ಅವೂ ಅತಿಥಿಗಳೇ. ಆದ್ದರಿಂದ ಇ-ಸಿಮ್‌ನಲ್ಲಿ ರೋಮಿಂಗ್ ಆನ್ ಇರಬೇಕು, ಊರಿನ ಸಿಮ್‌ನಲ್ಲಿ ಆಫ್ ಇರಬೇಕು.

ಇದರೊಂದಿಗೇ ಇನ್ನೊಂದು ಸ್ವಿಚ್ಚನ್ನು ನೋಡಲೇಬೇಕು. ಐಫೋನಿನಲ್ಲಿ ‘ಅಲೋ ಮೊಬೈಲ್ ಡೇಟಾ ಸ್ವಿಚಿಂಗ್’, ಆಂಡ್ರಾಯ್ಡ್‌ನಲ್ಲಿ ‘ಆಟೋ ಡೇಟಾ ಸ್ವಿಚಿಂಗ್’ ಅಥವಾ ಅದಕ್ಕೆ ಹತ್ತಿರದ ಹೆಸರು. ಒಂದು ಸಿಮ್‌ನ ಸಿಗ್ನಲ್ ದುರ್ಬಲವಾದಾಗ ಫೋನು ತಾನಾಗಿ ಇನ್ನೊಂದರ ಡೇಟಾಗೆ ಹಾರಲಿ ಎಂಬುದು ಇದರ ಉದ್ದೇಶ. ಇದು ಆನ್ ಇದ್ದು ಊರಿನ ಸಿಮ್‌ನಲ್ಲಿ ರೋಮಿಂಗ್ ಕೂಡ ತೆರೆದಿದ್ದರೆ, ಸುರಂಗದ ರೈಲಿನಲ್ಲಿ ಕುಳಿತಾಗ ನಿಮಗೆ ತಿಳಿಯದಂತೆ ಹಣ ಸೋರುತ್ತದೆ. ಪ್ರವಾಸದ ಮಟ್ಟಿಗೆ ಇದನ್ನು ಆಫ್ ಮಾಡಿಡಿ.

ಆಂಡ್ರಾಯ್ಡ್‌ನಲ್ಲಿ ಹಿಂದೆಂದೋ ನೀವೇ ಹಾಕಿಕೊಂಡ ‘ಡೇಟಾ ಲಿಮಿಟ್’ ಇದ್ದರೆ, ಅಷ್ಟು ಬಳಕೆಯಾದ ಕೂಡಲೇ ಫೋನು ಡೇಟಾವನ್ನು ತಾನೇ ಕತ್ತರಿಸುತ್ತದೆ. ಅದನ್ನೂ ಒಮ್ಮೆ ಕಣ್ಣಾಡಿಸಿ.

## ಹಂತ 5: ನೆಟ್‌ವರ್ಕ್ ಅನ್ನು ಕೈಯಾರೆ ಆರಿಸುವುದು

ಫೋನು ತಾನಾಗಿ ಹಿಡಿದುಕೊಂಡ ನೆಟ್‌ವರ್ಕಿಗೂ ನಿಮ್ಮ ಪ್ಯಾಕಿಗೂ ಒಪ್ಪಂದವಿಲ್ಲದಿರಬಹುದು, ಅಥವಾ ಕರೆಗಳಿಗೆ ಒಪ್ಪಂದವಿದ್ದು ಡೇಟಾಗೆ ಇಲ್ಲದಿರಬಹುದು. ಸಿಂಗಪುರದಲ್ಲಿ ಸಿಂಗ್‌ಟೆಲ್, ಸ್ಟಾರ್‌ಹಬ್, ಎಂ1 ಇವೆ; ಸ್ವಿಟ್ಜರ್ಲೆಂಡಿನಲ್ಲಿ ಸ್ವಿಸ್‌ಕಾಮ್, ಸನ್‌ರೈಸ್, ಸಾಲ್ಟ್; ಯುಎಇಯಲ್ಲಿ ಎತಿಸಲಾತ್ ಮತ್ತು ಡು. ಇವುಗಳಲ್ಲಿ ನಿಮ್ಮದು ಯಾವುದೆಂಬುದಕ್ಕೆ ಮೊದಲೇ ತೆಗೆದಿಟ್ಟ ಸ್ಕ್ರೀನ್‌ಶಾಟ್ ಈಗ ಕೆಲಸಕ್ಕೆ ಬರುತ್ತದೆ.

ಐಫೋನಿನಲ್ಲಿ ಸಿಮ್‌ನ ಪುಟದಲ್ಲಿರುವ ನೆಟ್‌ವರ್ಕ್ ಸೆಲೆಕ್ಷನ್, ಆಂಡ್ರಾಯ್ಡ್‌ನಲ್ಲಿ ನೆಟ್‌ವರ್ಕ್ ಆಪರೇಟರ್ಸ್ ತೆರೆದು ‘ಆಟೋಮ್ಯಾಟಿಕ್’ ಆಫ್ ಮಾಡಿ. ಹುಡುಕಾಟಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತದೆ. ಪರದೆಯಲ್ಲಿ ಚಕ್ರ ತಿರುಗುತ್ತಿರುವಾಗ ಹಿಂದಕ್ಕೆ ಹೋಗಬೇಡಿ. ಪಟ್ಟಿಯಲ್ಲಿ ಒಪ್ಪಂದದ ಹೆಸರನ್ನು ಒತ್ತಿ ಒಂದೆರಡು ನಿಮಿಷ ಕೊಡಿ. ನೋಂದಣಿ ಆಗಲಿಲ್ಲ ಎಂದು ಬಂದರೆ ಮುಂದಿನ ಹೆಸರು. ಪಟ್ಟಿಯಲ್ಲಿರುವ ಎಲ್ಲವೂ ನಿರಾಕರಿಸಿದರೆ ತೊಂದರೆ ಫೋನಿನದಲ್ಲ, ಸಿಮ್‌ನ ರೋಮಿಂಗ್ ಸೇವೆಯದು. ಹಂತ 3ಕ್ಕೆ ಮರಳಿ.

ಇದೇ ಜಾಗದಲ್ಲಿ ನೆಟ್‌ವರ್ಕ್ ಮೋಡ್ ಕೂಡ ಇರುತ್ತದೆ. ಬ್ಯಾಟರಿ ಉಳಿಸಲೆಂದೋ ಹಳೆಯ ಅಭ್ಯಾಸದಿಂದಲೋ ಅದನ್ನು 3ಜಿಯಲ್ಲಿ ಇಟ್ಟಿದ್ದರೆ 4ಜಿ ಸೇರಿದ ಆಯ್ಕೆಗೆ ಬದಲಿಸಿ, ವೋಲ್ಟಿಯನ್ನೂ (VoLTE, 4ಜಿ ಮೂಲಕ ಕರೆ ಹೋಗುವ ಸೌಲಭ್ಯ) ಆನ್ ಮಾಡಿ. ಅಮೆರಿಕದ ಮೂರೂ ದೊಡ್ಡ ಕಂಪನಿಗಳು 2022ರಲ್ಲಿ 3ಜಿ ಮುಚ್ಚಿದವು. ಆಸ್ಟ್ರೇಲಿಯಾದಲ್ಲಿ 2024ರ ಅಕ್ಟೋಬರ್ ಕೊನೆಗೆ ಉಳಿದ 3ಜಿಯೂ ಹೋಯಿತು. ಅಲ್ಲಿ 3ಜಿಗಾಗಿ ಹುಡುಕುವ ಫೋನಿಗೆ ಏನೂ ಸಿಗುವುದಿಲ್ಲ. 5ಜಿ ಹಿಡಿದು ಪದೇಪದೇ ಜಾರುತ್ತಿದ್ದರೆ ಮೋಡನ್ನು 4ಜಿಗೆ ಇಳಿಸಿ. ಎಲ್ಲ ಒಪ್ಪಂದಗಳಲ್ಲೂ 5ಜಿ ಸೇರಿರುವುದಿಲ್ಲ, ನಕ್ಷೆ ನೋಡಿ ದಾರಿ ಹಿಡಿಯಲು 4ಜಿಯೇ ಧಾರಾಳವಾಗಿ ಸಾಕು.

ಅಮೆರಿಕದ ಸ್ಥಳೀಯ ಸಿಮ್ ಹಾಕುವವರಿಗೆ ಎರಡು ಮಾತು. ಟಿ-ಮೊಬೈಲ್ ದೂರದ ಊರುಗಳಿಗೆ, ಕಟ್ಟಡಗಳ ಒಳಭಾಗಕ್ಕೆ 600 ಮೆಗಾಹರ್ಟ್ಸ್‌ನ ಬ್ಯಾಂಡ್ 71 ಎಂಬ ರೇಡಿಯೋ ತರಂಗಪಟ್ಟಿಯನ್ನು ಬಳಸುತ್ತದೆ, ಭಾರತದ ಮಾರುಕಟ್ಟೆಗೆಂದು ಮಾಡಿದ ಅನೇಕ ಫೋನುಗಳಲ್ಲಿ ಆ ಬ್ಯಾಂಡ್ ಇರುವುದಿಲ್ಲ. ಎಟಿ ಅಂಡ್ ಟಿ ತಾನು ಒಪ್ಪಿದ ಮಾದರಿಗಳ ಪಟ್ಟಿಯನ್ನೇ ಇಟ್ಟುಕೊಂಡಿದೆ, ಅದರಲ್ಲಿಲ್ಲದ ಫೋನಿಗೆ ಸೇವೆ ಸಿಗದೆ ಹೋಗಬಹುದು. ಸಿಮ್ ಕೊಳ್ಳುವ ಮೊದಲೇ *#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಪಡೆದು, ಅದನ್ನು ಕಂಪನಿಯ ಜಾಲತಾಣದಲ್ಲಿ ಪರೀಕ್ಷಿಸುವಂತೆ ಅಲ್ಲಿರುವ ಮಕ್ಕಳಿಗೆ ಹೇಳಿ.

## ಹಂತ 6: ಎಪಿಎನ್

ಎಪಿಎನ್ ಎಂದರೆ ಡೇಟಾ ಯಾವ ಬಾಗಿಲಿನಿಂದ ಹೊರಗೆ ಹೋಗಬೇಕೆಂದು ಫೋನಿಗೆ ಹೇಳುವ ಹೆಸರು. ಭಾರತದ ಸಿಮ್ ಊರಿನಲ್ಲಿ ನಡೆಯುತ್ತಿದ್ದರೆ ಎಪಿಎನ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ, ಅದನ್ನು ಕೆಡಿಸುವವರು ನಾವೇ. ಏರ್‌ಟೆಲ್‌ಗೆ ‘airtelgprs.com’, ಜಿಯೋಗೆ ‘jionet’, ಬಿಎಸ್‌ಎನ್‌ಎಲ್‌ಗೆ ‘bsnlnet’ ಎಂದಿರಬೇಕು. ಇವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಎಲ್ಲೂ ಜಾಗ ಬಿಡದೆ ಬರೆಯಬೇಕು. ಕೀಲಿಮಣೆ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವುದನ್ನೂ, ಕೊನೆಗೆ ಒಂದು ಖಾಲಿ ಜಾಗ ಸೇರಿಸುವುದನ್ನೂ ಗಮನಿಸಿ. ಆ ಖಾಲಿ ಜಾಗ ಕಣ್ಣಿಗೆ ಕಾಣುವುದಿಲ್ಲ, ಡೇಟಾವನ್ನು ಮಾತ್ರ ತಡೆಯಬಲ್ಲದು.

ಪ್ರವಾಸದ ಇ-ಸಿಮ್‌ಗಳಿಗೆ ಎಪಿಎನ್ ಬೇರೆಯೇ ಇರುತ್ತದೆ. ಅದು ತಾನಾಗಿ ಬಂದು ಕೂರದಿದ್ದರೆ, ಕೊಂಡಾಗ ಬಂದ ಇಮೇಲಿನಲ್ಲಿರುವುದನ್ನು ನೋಡಿ ಹೊಸ ಎಪಿಎನ್ ಸೇರಿಸಿ, ಉಳಿಸಿ, ಪಟ್ಟಿಯಲ್ಲಿ ಅದರ ಮುಂದಿನ ಚುಕ್ಕೆಯನ್ನು ಒತ್ತಿ. ಉಳಿಸಿದ ಮೇಲೆ ಆರಿಸಲು ಮರೆಯುವುದು ಸಾಮಾನ್ಯ ತಪ್ಪು. ಆಂಡ್ರಾಯ್ಡ್‌ನ ಎಪಿಎನ್ ಪುಟದ ಕೆಳಭಾಗದಲ್ಲಿ ‘ಎಪಿಎನ್ ರೋಮಿಂಗ್ ಪ್ರೋಟೋಕಾಲ್’ ಎಂಬ ಸಾಲಿದೆ. ಉಳಿದೆಲ್ಲ ಸರಿ ಇದ್ದೂ ಡೇಟಾ ಬಾರದಿದ್ದರೆ ಅದನ್ನು ಐಪಿವಿ4/ಐಪಿವಿ6 ಎಂಬ ಜೋಡಿ ಆಯ್ಕೆಗೆ ಬದಲಿಸಿ ನೋಡಿ. ಬದಲಿಸುವ ಮೊದಲು ಹಳೆಯ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ.

## ಹಂತ 7: ಸಂಪರ್ಕ ಇದೆ, ಪುಟ ಮಾತ್ರ ತೆರೆಯುತ್ತಿಲ್ಲ

ಬ್ರೌಸರಿನ ವಿಳಾಸದ ಜಾಗದಲ್ಲಿ 1.1.1.1 ಎಂದು ಟೈಪ್ ಮಾಡಿ. ಅದು ತೆರೆದು, ಹೆಸರಿನ ತಾಣಗಳು ತೆರೆಯದಿದ್ದರೆ ಕೆಟ್ಟಿರುವುದು ಡಿಎನ್‌ಎಸ್. ಅಂದರೆ ಹೆಸರನ್ನು ಸಂಖ್ಯೆಗೆ ಬದಲಿಸುವ ವ್ಯವಸ್ಥೆ. ಆಂಡ್ರಾಯ್ಡ್‌ನ ‘ಪ್ರೈವೇಟ್ ಡಿಎನ್‌ಎಸ್’ ಅನ್ನು ಆಟೋಮ್ಯಾಟಿಕ್‌ಗೆ ತನ್ನಿ. ಜಾಹೀರಾತು ತಡೆಯುವ ಆ್ಯಪ್, ಕಚೇರಿಯ ವಿಪಿಎನ್ ಇದ್ದರೆ ಅವನ್ನು ಆಫ್ ಮಾಡಿ. ಫೋನಿನ ದಿನಾಂಕ ಮತ್ತು ಸಮಯ ತಾನಾಗಿ ಹೊಂದಿಕೊಳ್ಳುವಂತಿದೆಯೇ ನೋಡಿ. ಗಡಿಯಾರವನ್ನು ಕೈಯಾರೆ ತಪ್ಪಾಗಿ ತಿದ್ದಿದ್ದರೆ ಬ್ಯಾಂಕಿನಂಥ ಸುರಕ್ಷಿತ ತಾಣಗಳು ತೆರೆಯಲು ನಿರಾಕರಿಸುತ್ತವೆ.

ಇನ್ನು ಕೆಲವು ತೊಂದರೆಗಳು ತೊಂದರೆಗಳೇ ಅಲ್ಲ, ಆ ದೇಶದ ನಿಯಮ. ಯುಎಇಯಲ್ಲಿ ಅಲ್ಲಿನ ಸಿಮ್‌ನಲ್ಲೂ ಹೋಟೆಲಿನ ವೈ-ಫೈಯಲ್ಲೂ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಡೇಟಾ ಕೆಟ್ಟಿದೆಯೆಂದು ಸೆಟ್ಟಿಂಗ್ಸ್ ಕೆದಕಿದರೆ ಚೆನ್ನಾಗಿರುವುದೂ ಕೆಡುತ್ತದೆ. ಅದನ್ನು ದಾಟಲು ವಿಪಿಎನ್ ಹಾಕುವುದು ಅಲ್ಲಿ ಕಾನೂನಿನ ತೊಡಕು ತರಬಲ್ಲದು, ಬೇಡ. ಚೀನಾದಲ್ಲಿ ಸ್ಥಳೀಯ ಸಿಮ್‌ನಲ್ಲಿ ಗೂಗಲ್, ವಾಟ್ಸ್‌ಆ್ಯಪ್ ತೆರೆಯುವುದಿಲ್ಲ. ಆದರೆ ಭಾರತದ ಸಿಮ್‌ನ ರೋಮಿಂಗ್‌ನಲ್ಲಿ ಅವು ಸಾಮಾನ್ಯವಾಗಿ ನಡೆಯುತ್ತವೆ, ಏಕೆಂದರೆ ರೋಮಿಂಗ್ ಡೇಟಾ ಬಹುತೇಕ ಊರಿನ ಕಂಪನಿಯ ಮೂಲಕವೇ ಸುತ್ತಿ ಹೋಗುತ್ತದೆ. ಈ ಸುತ್ತುದಾರಿಯಿಂದಲೇ ರೋಮಿಂಗ್‌ನಲ್ಲಿ ಪುಟ ತೆರೆಯುವುದು ತುಸು ತಡವಾಗುತ್ತದೆ. ಅಷ್ಟು ವಿಳಂಬ ದೋಷವಲ್ಲ.

ಬೆಳಿಗ್ಗೆ ಚುರುಕಾಗಿದ್ದ ಡೇಟಾ ಮಧ್ಯಾಹ್ನದ ಹೊತ್ತಿಗೆ ತೆವಳತೊಡಗಿ, ಬರಹ ಬಂದು ಚಿತ್ರ ಬಾರದಿದ್ದರೆ, ದಿನದ ಮಿತಿ ಮುಗಿದಿದೆ ಎಂದು ತಿಳಿಯಿರಿ. ಅದನ್ನು ತಿಂದಿರುವುದು ಹೆಚ್ಚಾಗಿ ಫೋಟೋಗಳ ಬ್ಯಾಕಪ್ ಮತ್ತು ಆ್ಯಪ್ ಅಪ್‌ಡೇಟ್. ಎರಡನ್ನೂ ‘ವೈ-ಫೈಯಲ್ಲಿ ಮಾತ್ರ’ ಎಂದು ಮಾಡಿಡಿ.

## ಹಂತ 8: ಇ-ಸಿಮ್ ಮತ್ತು ಸ್ಥಳೀಯ ಸಿಮ್ ಹಾಕುವವರಿಗೆ

ಇ-ಸಿಮ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು. ಹಾಗಾಗಿ ಅದನ್ನು ಮನೆಯ ವೈ-ಫೈಯಲ್ಲೇ ಇಳಿಸಿ, ಆನ್ ಮಾಡುವುದನ್ನು ಮಾತ್ರ ಅಲ್ಲಿಗೆ ಬಿಡಿ. ಅವಧಿ ಇಳಿಸಿದ ದಿನದಿಂದ ಶುರುವಾಗುತ್ತದೆಯೋ, ಅಲ್ಲಿನ ನೆಟ್‌ವರ್ಕ್ ಹಿಡಿದ ಕ್ಷಣದಿಂದಲೋ ಎಂಬುದನ್ನು ಕೊಳ್ಳುವಾಗಲೇ ಓದಿಕೊಳ್ಳಿ. ಡೇಟಾ ಬರಲಿಲ್ಲವೆಂದು ಇ-ಸಿಮ್ ಅಳಿಸಬೇಡಿ. ಹಲವು ಕ್ಯೂಆರ್ ಸಂಕೇತಗಳು ಒಂದೇ ಸಲಕ್ಕೆ. ಅಳಿಸಿದರೆ ಕೊಟ್ಟ ಹಣವೂ ಹೋಗುತ್ತದೆ. ಅಳಿಸುವ ಬದಲು ಆಫ್ ಮಾಡಿ ಆನ್ ಮಾಡಿ.

ಸ್ಥಳೀಯ ಸಿಮ್‌ಗಾಗಿ ಊರಿನ ಸಿಮ್ ಹೊರತೆಗೆಯಬೇಕಾದರೆ ಅದನ್ನು ಪಾಸ್‌ಪೋರ್ಟಿನ ಹಾಳೆಗಳ ನಡುವೆ ಸಡಿಲವಾಗಿ ಇಡಬೇಡಿ. ವಲಸೆ ಅಧಿಕಾರಿ ಪುಟ ತಿರುವಿದಾಗ ಜಾರಿ ಬೀಳುತ್ತದೆ. ಒಂದು ಪಟ್ಟಿ ಸೆಲ್ಲೋ ಟೇಪಿನಿಂದ ಫೋನಿನ ಕವರಿನ ಒಳಬದಿಗೆ ಅಂಟಿಸಿ. ಹೊಸ ಸಿಮ್ ಹಾಕಿದಾಗ ವಾಟ್ಸ್‌ಆ್ಯಪ್ ಸಂಖ್ಯೆ ಬದಲಿಸುವಿರಾ ಎಂದು ಕೇಳಿದರೆ ಬೇಡ ಎನ್ನಿ, ಹಳೆಯ ಸಂಖ್ಯೆಯಲ್ಲೇ ಅದು ನಡೆಯುತ್ತದೆ. ಯುಪಿಐ ಆ್ಯಪ್‌ಗಳನ್ನು ಅಳಿಸುವುದು, ಹೊಸದಾಗಿ ನೋಂದಾಯಿಸುವುದು ಎರಡೂ ಬೇಡ. ಆ ನೋಂದಣಿಗೆ ಊರಿನ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕಾಗುತ್ತದೆ, ಹೊರದೇಶದಿಂದ ಅದು ಕೈಕೊಡಬಹುದು. ಸಾಧ್ಯವಿದ್ದರೆ ಊರಿನ ಸಿಮ್ ಫೋನಿನಲ್ಲೇ ಇರಲಿ, ಅದರ ಡೇಟಾ ರೋಮಿಂಗ್ ಮಾತ್ರ ಆಫ್ ಇರಲಿ. ಬ್ಯಾಂಕಿನ ಒಟಿಪಿ ಬರಲು ಡೇಟಾ ಬೇಕಿಲ್ಲ, ರೋಮಿಂಗ್ ಸೇವೆ ಚಾಲ್ತಿಯಲ್ಲಿದ್ದರೆ ಸಾಕು.

ಟರ್ಕಿಯಲ್ಲಿ ಹೆಚ್ಚು ಕಾಲ ಇರುವವರು ಗಮನಿಸಿ: ಹೊರಗಿನಿಂದ ತಂದ ಫೋನಿನಲ್ಲಿ ಅಲ್ಲಿನ ಸಿಮ್ ಹಾಕಿ ಬಳಸಿದರೆ, ಫೋನನ್ನು ನೋಂದಾಯಿಸದಿದ್ದಲ್ಲಿ 120 ದಿನಗಳ ಮೇಲೆ ಅದಕ್ಕೆ ಸಿಗ್ನಲ್ ನಿಲ್ಲುತ್ತದೆ.

## ಹಂತ 9: ಸಹಾಯವಾಣಿ, ಎಲ್ಲಕ್ಕೂ ಕೊನೆಗೆ ರೀಸೆಟ್

ಇಷ್ಟಾದರೂ ಬಾರದಿದ್ದರೆ ನಿಮ್ಮ ಸಿಮ್ ಅನ್ನು ಜೊತೆಯವರ ಫೋನಿಗೆ ಹಾಕಿ ನೋಡಿ. ಅಲ್ಲಿ ನಡೆದರೆ ದೋಷ ನಿಮ್ಮ ಫೋನಿನದು, ಅಲ್ಲೂ ನಡೆಯದಿದ್ದರೆ ಸಿಮ್ ಅಥವಾ ಸೇವೆಯದು. ಈ ಒಂದು ಪರೀಕ್ಷೆಯ ಫಲಿತಾಂಶ ಕೈಯಲ್ಲಿದ್ದರೆ ಸಹಾಯವಾಣಿಯವರು ನಿಮ್ಮನ್ನು “ಫೋನ್ ರೀಸ್ಟಾರ್ಟ್ ಮಾಡಿ ಸರ್” ಎಂಬಲ್ಲಿಗೇ ಮತ್ತೆ ಕರೆದೊಯ್ಯಲಾರರು. ಅವರಿಗೆ ಹೇಳಬೇಕಾದದ್ದು: ಯಾವ ದೇಶ, ಯಾವ ನೆಟ್‌ವರ್ಕಿನ ಹೆಸರು ಕಾಣುತ್ತಿದೆ, ಎಸ್‌ಎಂಎಸ್ ಬರುತ್ತಿದೆಯೇ, ಬೇರೆ ಫೋನಿನಲ್ಲಿ ಏನಾಯಿತು, ಕೊನೆಯ ಸಲ ಡೇಟಾ ನಡೆದದ್ದು ಯಾವಾಗ. ರೋಮಿಂಗ್ ಸೇವೆಯನ್ನು ತೆಗೆದು ಮತ್ತೆ ಹಾಕುವಂತೆ ಕೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ.

ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡುವುದು ದೋಷ ಫೋನಿನದೇ ಎಂದು ಖಚಿತವಾದ ಮೇಲೆ. ಅದು ವೈ-ಫೈ ಗುಪ್ತಪದ, ಬ್ಲೂಟೂತ್ ಜೋಡಿ, ಕೈಯಾರೆ ಬರೆದ ಎಪಿಎನ್ ಎಲ್ಲವನ್ನೂ ಅಳಿಸುತ್ತದೆ, ಹೋಟೆಲಿನ ವೈ-ಫೈ ಗುಪ್ತಪದ ಕಾಗದದಲ್ಲಿರಲಿ. ಕೆಲವು ಫೋನುಗಳು ಅದೇ ಪುಟದಲ್ಲಿ ಇ-ಸಿಮ್ ಅಳಿಸಬೇಕೇ ಎಂಬ ಚೌಕವನ್ನೂ ತೋರಿಸುತ್ತವೆ. ಅದರಲ್ಲಿ ಟಿಕ್ ಇರಬಾರದು. ಪೂರ್ಣ ಫ್ಯಾಕ್ಟರಿ ರೀಸೆಟ್ ಅನ್ನು ಪ್ರವಾಸದಲ್ಲಿ ಯಾವ ಕಾರಣಕ್ಕೂ ಮಾಡಬೇಡಿ.

## ಹಣ ಸೋರುವ ಸೂಚನೆಗಳು

ವಿಮಾನ ಮೇಲೇರಿದ ಮೇಲೂ, ಹಡಗು ದಡ ಬಿಟ್ಟ ಮೇಲೂ ಫೋನಿನಲ್ಲಿ ಸಿಗ್ನಲ್ ಕಂಡರೆ ಖುಷಿಪಡಬೇಡಿ. ಅದು ನೆಲದ ನೆಟ್‌ವರ್ಕಲ್ಲ, ಉಪಗ್ರಹದ ಮೂಲಕ ನಡೆಯುವ ಬೇರೆಯೇ ಸೇವೆ. ದೇಶದ ಪ್ಯಾಕಿಗೆ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ. ಏರೋಪ್ಲೇನ್ ಮೋಡ್ ಹಾಕಿಬಿಡಿ.

ಗಡಿಯ ಬಳಿ ಇರುವವರು ನೆಟ್‌ವರ್ಕಿನ ಹೆಸರಿನ ಮೇಲೆ ಒಂದು ಕಣ್ಣಿಟ್ಟಿರಬೇಕು. ಜಿನೀವಾದಲ್ಲಿ ನಿಂತ ಫೋನು ಫ್ರಾನ್ಸಿನ ಗೋಪುರವನ್ನೂ, ಸಿಂಗಪುರದ ಉತ್ತರ ಅಂಚಿನಲ್ಲಿ ನಿಂತದ್ದು ಜೊಹೋರ್ ಬಾರು ಕಡೆಯ ಮಲೇಷ್ಯಾದ ಗೋಪುರವನ್ನೂ ಹಿಡಿಯಬಲ್ಲದು. ನೀವಿರದ ದೇಶದ ಸ್ವಾಗತ ಸಂದೇಶ ಬಂದರೆ ಅದೇ ಮೊದಲ ಸೂಚನೆ. ಹಂತ 5ರಂತೆ ಸರಿಯಾದ ನೆಟ್‌ವರ್ಕನ್ನು ಕೈಯಾರೆ ಆರಿಸಿ. ಪ್ಯಾಕ್ ಕೊಂಡಿದ್ದರೂ ‘ಸ್ಟ್ಯಾಂಡರ್ಡ್ ದರ’ ಎಂಬ ಪದವಿರುವ ಎಸ್‌ಎಂಎಸ್ ಬಂದರೆ, ಆ ಕ್ಷಣವೇ ಡೇಟಾ ರೋಮಿಂಗ್ ಆಫ್ ಮಾಡಿ, ಕಾರಣವನ್ನು ಆಮೇಲೆ ಹುಡುಕಿ.

## ಮರಳಿ ಬಂದ ಮೇಲೆ

ಬೆಂಗಳೂರಿನ ಟರ್ಮಿನಲ್ 2ರಲ್ಲಿ ಸಾಮಾನು ಬರುವ ಬೆಲ್ಟಿನ ಮುಂದೆ ನಿಂತು “ಇಲ್ಲೂ ನೆಟ್‌ವರ್ಕ್ ಇಲ್ಲವಲ್ಲ” ಎನ್ನುವವರ ಫೋನಿನಲ್ಲಿ ಹೆಚ್ಚಾಗಿ ಹಂತ 5 ಹಾಗೇ ಉಳಿದಿರುತ್ತದೆ: ಫೋನು ಇನ್ನೂ ಸಿಂಗ್‌ಟೆಲ್ ಅನ್ನೋ ಸ್ವಿಸ್‌ಕಾಮ್ ಅನ್ನೋ ಹುಡುಕುತ್ತಿರುತ್ತದೆ. ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ಗೆ ತಿರುಗಿಸಿ, ಡೇಟಾಗೆ ಊರಿನ ಸಿಮ್ ಆರಿಸಿ, ರೋಮಿಂಗ್ ಆಫ್ ಮಾಡಿ. ಪ್ರವಾಸದ ಇ-ಸಿಮ್ ಅಳಿಸುವುದಿದ್ದರೆ ಈಗ ಅಳಿಸಬಹುದು. ಪೋಸ್ಟ್‌ಪೇಯ್ಡ್ ಗ್ರಾಹಕರು ಮುಂದಿನ ಬಿಲ್ಲನ್ನಷ್ಟೇ ಅಲ್ಲ, ಅದರ ನಂತರದ ಬಿಲ್ಲನ್ನೂ ನೋಡಬೇಕು. ಹೊರದೇಶದ ಬಳಕೆಯ ಲೆಕ್ಕ ತಡವಾಗಿ ಬಂದು ಸೇರುವುದುಂಟು, ಆಗ ತೋರಿಸಲು ಪ್ಯಾಕಿನ ಆ ಸ್ಕ್ರೀನ್‌ಶಾಟ್ ಇನ್ನೂ ಫೋನಿನಲ್ಲಿ ಇರಲಿ.